ಚೀಟಿಯ ಮೊದಲ ಸಾಲು

ನನಗೆ ಅನುಮಾನ ಜಾಸ್ತಿ. ಇದನ್ನು ಬೇರೆಯವರು ಹೇಳಿ ನಾನು ತಿಳಿದುಕೊಳ್ಳಬೇಕಾಗಿಲ್ಲ. ದೊಡ್ಡನೆಕ್ಕುಂದಿಯಲ್ಲಿ ನಾವು ರಾಗಿ ಬೆಳೆಯುತ್ತಿದ್ದ ಹೊಲ ರಿಂಗ್ ರೋಡಿಗೂ ಫ್ಯಾಕ್ಟರಿಗಳಿಗೂ ಹೋದ ಮೇಲೆ ಉಳಿದ ತುಂಡಿನಲ್ಲಿ ಅಪ್ಪ ಸಾಲಾಗಿ ಬಾಡಿಗೆ ರೂಮು ಕಟ್ಟಿಸಿದರು. ಅಂದಿನಿಂದ ನಮ್ಮ ಮನೆಯ ಕಸುಬೇ ಅನುಮಾನವಾಯಿತು. ಯಾವ ರೂಮಿನವರು ಗೋಡೆಗೆ ಮೊಳೆ ಹೊಡೆದರೂ ಅಮ್ಮನಿಗೆ ಅಡುಗೆಮನೆಯಲ್ಲೇ ಗೊತ್ತಾಗುತ್ತಿತ್ತು. ಬಾಡಿಗೆಯವರು ಯಾರಾದರೂ ನಗುನಗುತ್ತಾ ಹಬ್ಬದ ಹೋಳಿಗೆ ತಂದುಕೊಟ್ಟರೆ, ಅವರು ಬೆನ್ನು ತಿರುಗಿಸಿದ ತಕ್ಷಣ, "ಇಷ್ಟೊಂದ್ ಒಳ್ಳೇವ್ರಾಗಾಕೆ ಏನೋ ಕಾರಣ ಐತೆ ಕಣೆ. ಅಂಗೆಲ್ಲಾ ಸುಮ್‌ಸುಮ್ನೆ ಯಾರೂ ಕೊಡಾಕಿಲ್ಲ" ಎನ್ನುತ್ತಿದ್ದಳು. ಹೋಳಿಗೆಯನ್ನು ಮಾತ್ರ ಬಿಡುತ್ತಿರಲಿಲ್ಲ.

ನಾನು ಸೇರಿದ ಕೆಲಸವೂ ಅಂಥದ್ದೇ. ಪ್ರೋಗ್ರಾಂ ಬರೆಯುವವರಿಗೆ ಅನುಮಾನ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ಬಳಸುವವನು ಸಂಖ್ಯೆ ಬರೆಯಬೇಕಾದ ಕಡೆ ಹೆಸರು ಬರೆಯುತ್ತಾನೆ, ಹೆಸರು ಬರೆಯಬೇಕಾದ ಕಡೆ ಏನೂ ಬರೆಯುವುದಿಲ್ಲ ಎಂದೇ ನಂಬಿ ಕೂರಬೇಕು. ಅದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಆಫೀಸಿನಲ್ಲಿ ಇರಲಿಲ್ಲ.

ಆಫೀಸು ಅಂದರೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ರಟ್ಟಿನ ಡಬ್ಬಿ ಮಾಡುವ ಒಂದು ಶೆಡ್ಡಿನ ಮೇಲಿನ ಮಹಡಿ. ಮಾಲೀಕರನ್ನೂ ಸೇರಿಸಿ ಐದು ಜನ. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ತಯಾರಾಗುವ ಬಿಡಿಭಾಗಗಳನ್ನು ಅಳೆದು, ಸರಿ ಇದೆಯೋ ಇಲ್ಲವೋ ಹೇಳುವ ಯಂತ್ರಗಳಿಗೆ ನಾವು ಒಂದು ಹೊಸ ಪ್ರೋಗ್ರಾಮಿಂಗ್ ಭಾಷೆ ಮಾಡುತ್ತಿದ್ದೆವು. ಅದರ ಬಹುಪಾಲು ನನ್ನ ಕೈಯಲ್ಲೇ ಆದದ್ದು. ನನಗೆ ಆಗ ಮೂವತ್ತೆಂಟು.

ಭಾಷೆ ನಿಂತಿತು. ಆಮೇಲೆ ಅದಕ್ಕೊಂದು ಪ್ಯಾಕೇಜ್ ಮ್ಯಾನೇಜರ್ ಬೇಕಾಯಿತು. ಒಂದು ಕಾರ್ಖಾನೆಗೆ ಬರೆದ ಪ್ರೋಗ್ರಾಂ ತುಣುಕುಗಳನ್ನು ಇನ್ನೊಂದು ಕಾರ್ಖಾನೆಯವರೂ ತರಿಸಿಕೊಂಡು ಬಳಸಬೇಕಲ್ಲ, ಅದಕ್ಕೆ. ಮನೆಯಲ್ಲಿ ಅಮ್ಮನಿಗೆ ಅರ್ಥವಾಗಲೆಂದು ನಾನು ಹೇಳುತ್ತಿದ್ದುದು ಹೀಗೆ: ನೀನು ಅಂಗಡಿಯವನಿಗೆ ಚೀಟಿ ಬರೆದು ಕಳಿಸುತ್ತೀಯ, ಯಾವ ಸಾಮಾನು, ಯಾವ ಕಂಪನಿಯದು, ಎಷ್ಟು ಅಂತ. ಅಂಗಡಿಯವನು ಒಟ್ಟುಮಾಡಿ ಕಳಿಸುತ್ತಾನೆ. ನಾವು ಮಾಡುತ್ತಿರುವುದು ಆ ಅಂಗಡಿಯವನನ್ನು. ಅಮ್ಮ, "ಅವನು ಕಲ್ಲು ಬೆರೆಸಾಕಿಲ್ಲ ತಾನೆ?" ಎಂದಳು. ಆಫೀಸಿನಲ್ಲೂ ಆ ಫೈಲಿಗೆ ಚೀಟಿ ಎಂದೇ ಹೆಸರು ನಿಂತಿತು.

ಚೀಟಿಯನ್ನು ಯಾವ ರೂಪದಲ್ಲಿ ಬರೆಯಬೇಕು? ಅಯ್ಯೋ, ಆ ಒಂದು ಪ್ರಶ್ನೆಗೆ ಮೂರು ವಾರ ಕಿತ್ತಾಡಿದೆವು. ನಮ್ಮ ಮುಂದೆ ಇದ್ದ ರೂಪಗಳು ಮೂರು: ಎಕ್ಸ್‌ಎಂಎಲ್, ಯಾಮಲ್, ಜೇಸನ್. ಎಕ್ಸ್‌ಎಂಎಲ್ ಬೇಡವೆಂದು ಮೊದಲ ದಿನವೇ ಎಲ್ಲರೂ ಒಪ್ಪಿದೆವು. ಅದರಲ್ಲಿ ಒಂದು ಪದ ಬರೆಯಲು ಒಂದು ಬಾಗಿಲು ತೆರೆದು ಒಂದು ಬಾಗಿಲು ಮುಚ್ಚಬೇಕು. ಯಾಮಲ್ ನೋಡಲು ಚೆಂದ, ಆದರೆ ಸಾಲಿನ ಮುಂದೆ ಒಂದು ಖಾಲಿ ಜಾಗ ಹೆಚ್ಚುಕಮ್ಮಿಯಾದರೆ ಅರ್ಥವೇ ಬೇರೆ. ಆವೃತ್ತಿ 1.10 ಎಂದು ಬರೆದರೆ ಅದು ಸಂಖ್ಯೆ ಎಂದುಕೊಂಡು 1.1 ಎಂದು ಓದಿಬಿಡುತ್ತದೆ. ಇಂಥದ್ದನ್ನು ನಾನು ಮನೆಯೊಳಗೆ ಬಿಟ್ಟುಕೊಳ್ಳುವುದುಂಟೇ! ನನ್ನ ಮನಸ್ಸೆಲ್ಲ ಜೇಸನ್ ಮೇಲೆ. ಅದು ಯಾರನ್ನೂ ನಂಬುವುದಿಲ್ಲ. ಒಂದು ಅಲ್ಪವಿರಾಮ ಹೆಚ್ಚಾದರೂ ಫೈಲನ್ನು ಮುಟ್ಟುವುದಿಲ್ಲ. ಹೇಳಿದ್ದನ್ನು ಬಿಟ್ಟು ಒಂದು ಟಿಪ್ಪಣಿ ಬರೆಯಲೂ ಅದರಲ್ಲಿ ಜಾಗವಿಲ್ಲ.

ಆ ಜಾಗಕ್ಕಾಗಿಯೇ ಒಬ್ಬರು ನನ್ನೊಡನೆ ವಾದಕ್ಕೆ ನಿಂತರು. ನಾವು ಅವರನ್ನು ಗದಗಿನವರು ಎನ್ನುತ್ತಿದ್ದೆವು. ಡಿಪ್ಲೊಮಾ ಓದಿ ಹದಿನೈದು ವರ್ಷ ಪೀಣ್ಯದ ಕಾರ್ಖಾನೆಯಲ್ಲಿ ಯಂತ್ರ ಹೊಂದಿಸುವ ಕೆಲಸ ಮಾಡಿ, ತಮ್ಮಷ್ಟಕ್ಕೆ ತಾವೇ ಪ್ರೋಗ್ರಾಮಿಂಗ್ ಕಲಿತವರು. ನಮ್ಮ ಮಾಲೀಕರು ಅವರನ್ನು ಕರೆತರುವಾಗ, ಎರಡು ವರ್ಷ ಕಾಂಟ್ರ್ಯಾಕ್ಟ್, ಆಮೇಲೆ ಪರ್ಮನೆಂಟ್ ಎಂದಿದ್ದರು. ಆ ಮಾತು ನಂಬಿ ಅವರು ಅಲ್ಲಿನ ಪರ್ಮನೆಂಟ್ ಕೆಲಸ ಬಿಟ್ಟು ಬಂದಿದ್ದರು. ಎರಡು ವರ್ಷ ಮುಗಿಯಲು ಆಗ ಎರಡು ತಿಂಗಳಿತ್ತು. ಅವರಿಗೆ ನಲವತ್ತನಾಲ್ಕು. ಆ ವಯಸ್ಸಿನ ಡಿಪ್ಲೊಮಾದವರನ್ನು ಸಾಫ್ಟ್‌ವೇರ್ ಕಂಪನಿಗಳು ಹೊಸದಾಗಿ ತೆಗೆದುಕೊಳ್ಳುವುದಿಲ್ಲ. ಪರ್ಮನೆಂಟ್ ಮಾಡುವ ಪತ್ರಕ್ಕೆ ಮೊದಲು ಸಹಿ ಹಾಕಬೇಕಾದವಳು ನಾನು, ಏಕೆಂದರೆ ಅವರ ಕೆಲಸ ನೋಡುತ್ತಿದ್ದವಳು ನಾನೇ.

ನನಗಿಂತ ಆರು ವರ್ಷ ದೊಡ್ಡವರಾದರೂ ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಅವರ ಕಡೆ ಅದು ಮರ್ಯಾದೆಯ ಮಾತು ಅಂತ ಗೊತ್ತಿತ್ತು. ಆದರೂ, ಪತ್ರ ಬರೋವರೆಗೂ ಅಕ್ಕಾರ, ಆಮೇಲೆ ನೋಡೋಣ ಎಂದುಕೊಳ್ಳುತ್ತಿದ್ದೆ.

"ಚೀಟಿ ಬರಿಯೋರು ನಾವಲ್ರಿ, ಆ ಕಡೆ ಕಾರ್ಖಾನಿ ಮಂದಿ," ಎಂದರು ಅವರು ಕೊನೆಯ ಮೀಟಿಂಗಿನಲ್ಲಿ. "ಮ್ಯಾಲೆ ಒಂದು ಸಾಲು ಖಾಲಿ ಬಿಡ್ರಿ ಅವರಿಗೆ. ಏನರ ಬರಕೊಳ್ಳಿ. ನಮ್ಮ ಭಾಷಾ ಅದನ್ನ ದಾಟಿ ಮುಂದ ಓದಲಿ."

"ಏನ್ ಬರೀತಾರೆ ಸಾರ್ ಅಲ್ಲಿ?"

"ಏನರ ಬರೀತಾರ್ರಿ. ಕಾಗದಾ ಅಂದ ಮ್ಯಾಲ ತುದಿಗೆ ಏನರ ಬರಿಯೂದಿಲ್ಲೇನು ಮಂದಿ?"

"ಏನರ ಅಂದ್ರೆ ನಾನು ಕೋಡ್ ಬರೆಯೋದು ಹೆಂಗೆ?" ಎಂದೆ. ಮಾಲೀಕರು ನಕ್ಕರು. ಜೇಸನ್ ಗೆದ್ದಿತು. ಗದಗಿನವರು ಪೆನ್ನಿನ ಕ್ಯಾಪ್ ಹಾಕಿ, "ಆತು ಬಿಡ್ರಿ" ಎಂದರು. ಅಷ್ಟು ಬೇಗ ಒಪ್ಪಿಕೊಂಡರಲ್ಲ ಎಂದು ನನಗೆ ಆವತ್ತೇ ಮನಸ್ಸಿನಲ್ಲಿ ಏನೋ ಕೊರೆಯತೊಡಗಿತು.

ಮೊದಲು ಒಂದೇ ಕಾರ್ಖಾನೆಗೆ ಕೊಟ್ಟು ನೋಡುವುದೆಂದಾಯಿತು. ಪೀಣ್ಯ ಎರಡನೇ ಹಂತದಲ್ಲಿ ಪಂಪಿನ ಬಿಡಿಭಾಗ ಮಾಡುವ ಚಿಕ್ಕ ಕಾರ್ಖಾನೆ. ಅವರಿಗೆ ಹೊಸ ಭಾಗದ ಆರ್ಡರ್ ಬಂದಾಗಲೆಲ್ಲ ಹೊಸ ಚೀಟಿ. ಅಲ್ಲಿಂದ ಕಳಿಸಿದರೆ ನಮ್ಮ ಸರ್ವರ್‌ಗೆ ಬರುತ್ತಿತ್ತು. ಆ ದಿನ ಗದಗಿನವರು ಅಲ್ಲಿಗೆ ಹೋಗಿ ಯಂತ್ರ ಹೊಂದಿಸಿ ಬರುತ್ತಿದ್ದರು.

ಎರಡನೆಯ ವಾರದಲ್ಲೇ ಚೀಟಿ ಫೇಲ್ ಆಯಿತು. ಹಾಗೆ ಫೇಲ್ ಆದದ್ದರ ಪಟ್ಟಿ ದಿನಕ್ಕೊಮ್ಮೆ ಸಂಜೆ ನನಗೆ ಮೇಲ್‌ನಲ್ಲಿ ಬರುತ್ತಿತ್ತು, ತಪ್ಪಿದ ಸಾಲಿನ ಸಮೇತ. ತಪ್ಪಿದ್ದು ಮೊದಲ ಸಾಲು. ಅಲ್ಲಿ ಹೀಗಿತ್ತು:

²æÃ

ಮೇಲಕ್ಕೆ ಹಾರಿ ಕೂತ ಎರಡರ ಪುಟ್ಟ ಅಂಕಿ, ಒಂದಕ್ಕೊಂದು ಅಂಟಿದ ಎರಡು ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಡೊಂಕು ಗೆರೆ ಹೊತ್ತ ದೊಡ್ಡ ಎ. ಇದೇನು ದರಿದ್ರ ಎಂದುಕೊಂಡು ಸರ್ವರ್‌ನಲ್ಲಿ ಆ ಚೀಟಿ ತೆಗೆದು ನೋಡಿದೆ. ಅದರಲ್ಲಿ ಆ ಗುರುತೇ ಇಲ್ಲ! ತೊಳೆದಿಟ್ಟ ಹಾಗೆ ಶುದ್ಧವಾಗಿದೆ. ಕೊನೆಯದಾಗಿ ತೆರೆದು ಉಳಿಸಿದವರು ಯಾರು ಎಂದು ಲಾಗ್‌ನಲ್ಲಿ, ಅಂದರೆ ಯಾರು ಏನು ಮುಟ್ಟಿದರೆಂದು ಸರ್ವರ್ ಬರೆದಿಡುವ ಪಟ್ಟಿಯಲ್ಲಿ, ನೋಡಿದರೆ ಗದಗಿನವರ ಲಾಗಿನ್.

ನಾನು ಯಾರಿಗೂ ಹೇಳಲಿಲ್ಲ. ಕಾದೆ. ಹತ್ತು ದಿನದ ಮೇಲೆ ಮತ್ತೆ ಅದೇ ಮೂರು ಗುರುತು, ಮತ್ತೆ ಅದೇ ಲಾಗಿನ್, ಮತ್ತೆ ಚೀಟಿ ಶುದ್ಧ. ಅವರು ಪೀಣ್ಯಕ್ಕೆ ಹೋಗದ ದಿನ ಒಂದೇ ಒಂದು ಸಲವೂ ಹೀಗಾಗಲಿಲ್ಲ. ಮೂರನೆಯ ಸಲವಾದಾಗ ಮೀಟಿಂಗಿನಲ್ಲಿ ಎಲ್ಲರ ಮುಂದೆ ಪರದೆ ಮೇಲೆ ಅದನ್ನು ತೋರಿಸಿದೆ. "ಯಾರೋ ಚೀಟಿ ತಲೆ ಮೇಲೆ ಈ ಕಸ ತಂದು ಸುರೀತಿದ್ದಾರೆ. ಇಂಥ ಕಸ ನಂಗಾಗಲ್ಲ," ಎಂದೆ. ಹೇಳುವಾಗ ಅವರ ಮುಖವನ್ನೇ ನೋಡುತ್ತಿದ್ದೆ. ಅವರ ಮುಖ ಕೆಂಪಗಾಯಿತು. ಪರದೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, ತಲೆ ತಗ್ಗಿಸಿದರು.

ಸಿಕ್ಕಿಬಿದ್ದ ಎಂದುಕೊಂಡೆ. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು.

ಆ ವಾರವೇ ಅವರು ವರಾಂಡದಲ್ಲಿ ನಿಂತು ಫೋನಿನಲ್ಲಿ, "ಇಲ್ರಿ, ಅಕ್ಕಾರಿಗೆ ಹೇಳಿಲ್ಲ. ನೀವು ಚಿಂತಿ ಮಾಡಬ್ಯಾಡ್ರಿ, ನಾ ನೋಡಿಕೋತೀನಿ" ಎಂದದ್ದು ಕಿವಿಗೆ ಬಿತ್ತು. ಇನ್ನೇನು ಬೇಕು? ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ, "ನಾನ್ ಏಳಿರ್ಲಿಲ್ವಾ" ಎಂದಳು. ಅವಳು ಅವರನ್ನು ಒಂದು ದಿನವೂ ಕಂಡವಳಲ್ಲ.

ನನ್ನ ಲೆಕ್ಕಾಚಾರ ಹೀಗಿತ್ತು: ಜೇಸನ್ ಕೆಲಸಕ್ಕೆ ಬಾರದು ಎಂದು ತೋರಿಸಬೇಕು, ಅದಕ್ಕೆ ಬೇಕೆಂದೇ ಕೆಡಿಸುತ್ತಾರೆ. ಕೆಡಿಸಿ, ಮೇಲ್ ಹೋಗುವ ಹಾಗೆ ಮಾಡಿ, ಗುರುತು ಅಳಿಸುತ್ತಾರೆ. ಮೇಲ್‌ಗಳನ್ನೂ ಲಾಗನ್ನೂ ಮುದ್ರಿಸಿಕೊಂಡು ಮಾಲೀಕರ ಮುಂದೆ ಇಟ್ಟೆ. ಅವರು ಮೃದು ಮನುಷ್ಯರು. "ಕೇಳಿ ನೋಡೋಣ್ವಾ ಅವರನ್ನ?" ಎಂದರು.

"ಕೇಳಿದ್ರೆ ಒಪ್ಕೋತಾರಾ ಸಾರ್? ಲಾಗ್ ಸುಳ್ಳು ಹೇಳಲ್ಲ. ನಾನಂತೂ ಆ ಪತ್ರಕ್ಕೆ ಸಹಿ ಹಾಕಲ್ಲ," ಎಂದೆ.

ಪತ್ರ ಹೊರಡಲಿಲ್ಲ. ಪ್ರಾಜೆಕ್ಟ್ ಚಿಕ್ಕದಾಗುತ್ತಿದೆ, ಕಾಂಟ್ರ್ಯಾಕ್ಟ್ ಮುಂದುವರಿಸಲು ಆಗುತ್ತಿಲ್ಲ ಎಂದು ಮಾಲೀಕರು ಅವರಿಗೆ ಬೇರೆ ಕಾರಣ ಹೇಳಿದರು. ಗದಗಿನವರು ಜಗಳವಾಡಲಿಲ್ಲ. ಕೊನೆಯ ದಿನ ನನ್ನ ಟೇಬಲ್ ಹತ್ತಿರ ಬಂದು, "ಬರ್ತೀನ್ರಿ ಅಕ್ಕಾರ," ಎಂದರು. ನಾನು ಪರದೆಯಿಂದ ಕಣ್ಣು ಕೀಳದೆ ಹೂಂ ಎಂದೆ.

ಅವರು ಹೋಗಿ ಒಂಬತ್ತು ದಿನಕ್ಕೆ ಪೀಣ್ಯದ ಚೀಟಿ ಫೇಲ್ ಆಯಿತು. ಮೊದಲ ಸಾಲಿನಲ್ಲಿ ಅದೇ ಮೂರು ಗುರುತು. ಸರ್ವರ್‌ನಲ್ಲಿ ನೋಡಿದರೆ ಈ ಸಲ ಅದು ಅಲ್ಲೇ ಇತ್ತು, ಯಾರೂ ಅಳಿಸಿರಲಿಲ್ಲ.

ಆಗಲೂ ನನ್ನ ತಲೆಗೆ ಮೊದಲು ಬಂದದ್ದು ಏನು ಗೊತ್ತೇ? ಅವರ ಪಾಸ್‌ವರ್ಡ್ ತೆಗೆಸಿಲ್ಲವೇನೋ ಅಂತ! ತೆಗೆಸಿಯಾಗಿತ್ತು. ಮಾರನೆಯ ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ಪೀಣ್ಯಕ್ಕೆ ಹೋದೆ. ಅಷ್ಟು ದಿನದಲ್ಲಿ ನಾನು ಅಲ್ಲಿಗೆ ಹೋಗಿದ್ದು ಅದೇ ಮೊದಲು.

ಚೀಟಿ ಬರೆಯುತ್ತಿದ್ದವರು ಸ್ಟೋರ್ಸ್ ನೋಡಿಕೊಳ್ಳುವ ಒಬ್ಬ ಅಕ್ಕ, ಐವತ್ತರ ಆಸುಪಾಸು. ರಜೆಯ ನೋಟಿಸು, ಆಯುಧಪೂಜೆಯ ಆಹ್ವಾನ, ಎಲ್ಲ ಕನ್ನಡ ಟೈಪಿಂಗೂ ಅವರದೇ. "ನಾನೇನಾದ್ರೂ ತಪ್ಪು ಮಾಡ್ತಿದ್ದೀನಾ ಮೇಡಂ?" ಎಂದು ಹೆದರಿ ಎದ್ದು ನಿಂತರು. ಕೂರಿಸಿ, ನನ್ನೆದುರು ಒಂದು ಹೊಸ ಚೀಟಿ ಬರೆಯಿರಿ ಎಂದೆ.

ಅವರು ಪತ್ರ ಟೈಪ್ ಮಾಡುವ ಸಾಫ್ಟ್‌ವೇರ್ ತೆರೆದರು. ಹೊಸ ಹಾಳೆ ಬಂತು. ಹಳೆಯ ಕನ್ನಡ ಫಾಂಟ್ ಆರಿಸಿಕೊಂಡರು, ಮೇಲ್ತುದಿಯಲ್ಲಿ ಶ್ರೀ ಎಂದು ಹೊಡೆದರು. ಆಮೇಲೆ ಇಂಗ್ಲಿಷಿಗೆ ಬದಲಾಯಿಸಿ, ಪಕ್ಕದಲ್ಲಿಟ್ಟುಕೊಂಡ ಮಾದರಿ ನೋಡಿಕೊಂಡು ನನ್ನ ಜೇಸನ್ನನ್ನು ಒಂದು ಚುಕ್ಕಿಯೂ ತಪ್ಪದೆ ಬರೆದರು. ಅಲ್ಪವಿರಾಮ ಸಮೇತ. ಸಾದಾ ಫೈಲಾಗಿ ಉಳಿಸುವಾಗ ಏನೋ ಎಚ್ಚರಿಕೆ ಬಂತು. "ಇದೇನೋ ಕೇಳ್ತಾನೇ ಇರುತ್ತೆ, ಹೂಂ ಅಂತೀನಿ," ಎಂದು ಹೂಂ ಒತ್ತಿದರು. ಫಾಂಟು ಹೋಯಿತು. ಆ ಫೈಲನ್ನು ನಾನು ತೆರೆದೆ. ಶ್ರೀ ಇದ್ದ ಕಡೆ ²æÃ ಇತ್ತು.

"ಇದನ್ನ್ ಯಾಕ್ ಹಾಕಿದ್ರಿ?" ಎಂದೆ.

"ಅಯ್ಯೋ, ಶ್ರೀ ಹಾಕ್ದೆ ಹೆಂಗ್ ಮೇಡಂ ಶುರು ಮಾಡೋದು?" ಎಂದರು ಅವರು. "ಸಾರ್ ಹೇಳ್ತಿದ್ರು, ನೀವು ಬರ್ಕೊಳಿ, ಕಳಿಸೋ ಮುಂಚೆ ನಾನು ತೆಗೀತೀನಿ ಅಂತ. ಒಂದೊಂದ್ ಸಲ ಅವ್ರು ಬರೋದ್ರೊಳಗೆ ನಾನೇ ಕಳಿಸ್ಬಿಡ್ತಿದ್ದೆ, ಆಗ ಫೇಲ್ ಆಗೋದು. ಮೇಡಂ ಬೈತಾರೇನೋ ಅಂತ ಫೋನ್ ಮಾಡಿದ್ರೆ, ಚಿಂತೆ ಮಾಡ್ಬೇಡಿ ಅನ್ನೋರು. ಸಾರ್ ಇನ್ಮೇಲೆ ಬರಲ್ವಾ?"

ಬಸ್ಸಿನಲ್ಲಿ ಕೂತು ಎಲ್ಲವನ್ನೂ ಒಂದೊಂದಾಗಿ ಬಿಚ್ಚಿದೆ. ಹೊಸ ಚೀಟಿ ಹುಟ್ಟುವುದೂ ಅವರು ಪೀಣ್ಯಕ್ಕೆ ಹೋಗುವುದೂ ಒಂದೇ ದಿನ, ಎರಡಕ್ಕೂ ಕಾರಣ ಅದೇ ಹೊಸ ಆರ್ಡರ್. ಚೀಟಿ ಫೇಲ್ ಆದ ಮೇಲೆ ಅವರು ತೆರೆದು ಸರಿಮಾಡಿದ್ದರು. ನನ್ನ ಮೇಲ್‌ನಲ್ಲಿ ತಾರೀಖು ಮಾತ್ರ ಇತ್ತು, ಗಂಟೆ ಇರಲಿಲ್ಲ. ಗಂಟೆ ಯಾಕೆ ಬೇಕು ಎಂದು ಬಿಟ್ಟವಳೂ ನಾನೇ. ಬೆಂಕಿ ಬಿದ್ದ ಮನೆಯ ಮುಂದೆ ಬಿಂದಿಗೆ ಹಿಡಿದು ನಿಂತವರನ್ನು ಹಿಡಿದುಕೊಟ್ಟಿದ್ದೆ. ಹಳೆಯ ಫಾಂಟಿನ ಕನ್ನಡ ಬೇರೆ ಕಡೆ ತೆರೆದರೆ ಹೀಗೆ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ನನಗೆ ಆಗ ಕಳ್ಳ ಬೇಕಾಗಿದ್ದ. ಆ ನಾಚಿಕೆಯಲ್ಲಿ ಇಳಿಯಬೇಕಾದ ಸ್ಟಾಪ್ ದಾಟಿಹೋಯಿತು.

ಚೀಟಿ ಓದುವ ಕೋಡ್ ಸರಿಮಾಡುವುದಕ್ಕೆ ಇಪ್ಪತ್ತು ನಿಮಿಷ ಸಾಕಾಯಿತು. ಮೊದಲ ಪುಷ್ಪಾವರಣ, ಅಂದರೆ ಜೇಸನ್ ಶುರುವಾಗುವ ಬ್ರಾಕೆಟ್, ಬರುವವರೆಗೆ ಏನೇ ಇದ್ದರೂ ದಾಟಿ ಮುಂದೆ ಓದು ಎಂದು ಬರೆದೆ. ಮಾಲೀಕರನ್ನು ಒಪ್ಪಿಸುವುದಕ್ಕೆ ನಾಲ್ಕು ದಿನ ಹಿಡಿಯಿತು. "ಆಗಿದ್ದು ಆಗೋಯ್ತಲ್ಲ, ಈಗ ಹೋಗಿ ಏನಂತ ಹೇಳೋದು?" ಎನ್ನುತ್ತಿದ್ದರು. ಪತ್ರ ಕೊಡದಿದ್ದರೆ ನಾನೂ ಕೆಲಸ ಬಿಡುತ್ತೇನೆ ಎಂದ ಮೇಲೆ ಕೊಟ್ಟರು. ಅದಕ್ಕೆ ಸಹಿ ಹಾಕಿ, ಮಡಿಸದೆ ಫೈಲಿನಲ್ಲಿಟ್ಟುಕೊಂಡು ಮತ್ತೆ ಪೀಣ್ಯದ ಬಸ್ಸು ಹತ್ತಿದೆ.

ಗದಗಿನವರು ಅಲ್ಲೇ ಇನ್ನೊಂದು ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಯಂತ್ರ ಹೊಂದಿಸುವ ಕೆಲಸಕ್ಕೆ ಸೇರಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಗೇಟಿನ ಪಕ್ಕದ ಟೀ ಅಂಗಡಿ ಹತ್ತಿರ ಸಿಕ್ಕರು. ನೀಲಿ ಅಂಗಿ, ಕೈಗೆಲ್ಲ ಆಯಿಲ್. "ಅಕ್ಕಾರ, ನೀವಾ?" ಎಂದು ನನಗೂ ಒಂದು ಟೀ ಹೇಳಿದರು.

ನಾನು ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಲಾಗ್ ನೋಡಿದ್ದು, ಮಾಲೀಕರಿಗೆ ಕೊಟ್ಟದ್ದು, ಪ್ರಾಜೆಕ್ಟ್ ಚಿಕ್ಕದಾಯಿತೆಂಬುದು ಸುಳ್ಳು, ಸಹಿ ಹಾಕದವಳು ನಾನು. "ಅದು ಶ್ರೀ ಅಂತ ನಂಗೆ ಗೊತ್ತಾಗ್ಲಿಲ್ಲ ಸಾರ್. ತಪ್ಪಾಯ್ತು," ಎಂದೆ.

ಅವರು ಗ್ಲಾಸನ್ನು ಬಾಯಿಂದ ಇಳಿಸಿದರು. "ಗೊತ್ತಿರಲಿಲ್ಲ?" ಎಂದರು. "ಹದಿನೈದು ವರ್ಷ ಅಂಥಾ ಫೈಲ್ ನೋಡಿ ನೋಡಿ ನಾ ಅದನ್ನ ಶ್ರೀ ಅಂತನ ಓದ್ತೀನ್ರಿ. ನಿಮಗೂ ಹಂಗ ಕಾಣ್ತತಿ ಅನಕೊಂಡಿದ್ದೆ. ಮೀಟಿಂಗಿನ್ಯಾಗ ನೀವು ಅದನ್ನ ಕಸ ಅಂದ್ರಿ. ಗೊತ್ತಿದ್ದೂ ಅಂತಾರಲ್ಲ, ಶ್ರೀ ಅಂದ್ರೂ ಸೇರಂಗಿಲ್ಲ ಇವರಿಗೆ, ಇನ್ನ ಏನ್ ಹೇಳೂದು ಅಂತ ಬಾಯಿ ಮುಚಗೊಂಡೆ. ಆ ಸ್ಟೋರ್ಸಿನ ಅಕ್ಕಾರಿಗೂ ನಿಮ್ಮ ಕಡೆಯಿಂದ ಬೈಸೂದು ಬ್ಯಾಡ ಅಂತ ಹೆಸರು ಹೇಳಲಿಲ್ಲ."

ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಅವರ ಅನುಮಾನದಿಂದ ನನ್ನ ಕೂದಲೂ ಕೊಂಕಿರಲಿಲ್ಲ.

ಪತ್ರ ತೆಗೆದುಕೊಟ್ಟೆ. "ಪರ್ಮನೆಂಟ್ ಸಾರ್. ನಾಳೆಯಿಂದಲೇ ಬನ್ನಿ." ಅವರು ಕೈಯನ್ನು ವೇಸ್ಟ್ ಬಟ್ಟೆಗೆ ಎರಡು ಸಲ ಒರೆಸಿಕೊಂಡು, ಅಂಚು ಮಾತ್ರ ಹಿಡಿದು ಓದಿದರು. ನಿಧಾನವಾಗಿ, ಕೆಳಗಿನ ಸಹಿಯವರೆಗೂ ಓದಿ, ಮತ್ತೆ ಮೊದಲಿಂದ ಓದಿದರು. ಮುಖದಲ್ಲಿ ಒಂದು ಕ್ಷಣ ಬೆಳಕು ಬಂದದ್ದು ನನಗೆ ಕಂಡಿತು.

"ಒಂದು ಕೇಳ್ತೀನ್ರಿ ಅಕ್ಕಾರ," ಎಂದರು. "ನಾಳೆ ಅಲ್ಲಿ ನಾ ಯಾವುದರ ಫೈಲ್ ತಗದ್ರ, ಇವ ಯಾಕ ತಗದ ಅಂತ ನೀವು ಹಿಂದಿಂದ ಲಾಗ್ ನೋಡಂಗಿಲ್ಲಲ್ಲ?"

ಇಲ್ಲ ಎನ್ನಲು ಬಾಯಿ ತೆರೆದೆ. ಸುಳ್ಳು ಬರೆಯಲು ನಾನು ಇದನ್ನು ಬರೆಯುತ್ತಿಲ್ಲ, ಅದಕ್ಕೇ ಹೇಳುತ್ತೇನೆ. ಆ ಗಳಿಗೆಯಲ್ಲಿ ನನ್ನ ತಲೆಯೊಳಗೆ ಓಡುತ್ತಿದ್ದುದು ಬೇರೆಯೇ: ಇಷ್ಟು ಒಳ್ಳೆಯ ಪತ್ರವನ್ನು ಎರಡೆರಡು ಸಲ ಓದುತ್ತಿದ್ದಾರಲ್ಲ, ಬೇರೆ ಯಾರೋ ಕರೆದಿರಬೇಕು, ನನ್ನಿಂದ ಇನ್ನೇನೋ ಕೀಳಲು ನೋಡುತ್ತಿದ್ದಾರೆ. ಛೀ! ತಪ್ಪೊಪ್ಪಿಕೊಂಡು ಟೀ ಕೂಡ ಆರಿರಲಿಲ್ಲ.

ನನ್ನ ಮುಖದಲ್ಲಿ ಅವರಿಗೆ ಏನು ಕಂಡಿತೋ. "ನೋಡ್ತೀರಿ," ಎಂದರು. ಕೋಪವಿರಲಿಲ್ಲ. ಪತ್ರವನ್ನು ಫೈಲಿನೊಳಗೆ ನೇರವಾಗಿ ಇಟ್ಟು ನನ್ನ ಕೈಗೆ ಕೊಟ್ಟರು. "ನನಗ ಈ ಕೆಲಸ ಭಾಳ ಬೇಕಿತ್ರಿ. ಆದ್ರ ದಿನಾ ನಾ ಕಳ್ಳ ಅಲ್ಲ ಅಂತ ತೋರಿಸಿಕೋತ ಕುಂದ್ರಾಕ ನನ್ನ ಕೈಲೆ ಆಗಂಗಿಲ್ಲ."

ಒಳಗೆ ಸೈರನ್ ಕೂಗಿತು. ಗ್ಲಾಸನ್ನು ಅಂಗಡಿಯವನ ಮುಂದಿಟ್ಟು, ನನಗೆ ಕೈ ಮುಗಿದು, ಅವರು ಗೇಟಿನತ್ತ ಹೊರಟರು. ನೋಡುವುದಿಲ್ಲ ಸಾರ್ ಎಂದು ಆಗಲಾದರೂ ಕೂಗಿ ಹೇಳಿದ್ದರೆ ಅವರು ತಿರುಗುತ್ತಿದ್ದರು. ನಾನು ಹೇಳಲಿಲ್ಲ.